ಬ್ರೌಸರಿನೊಳಗೊಂದು ಉಗ್ರಾಣ

ಕೇಳುಗರಿಗೆ ನಮಸ್ಕಾರ.

ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಉದ್ದದ ಅರ್ಜಿಯೊಂದನ್ನು ತುಂಬುತ್ತಿದ್ದೀರಿ. ಘಾಟಿ ಇಳಿಯುವಾಗ ನೆಟ್‌ವರ್ಕ್ ಹೋಯಿತು. ಮತ್ತೆ ಬಂದಾಗ ನೋಡಿದರೆ ತುಂಬಿದ್ದೆಲ್ಲ ಹಾಗೇ ಇದೆ. ಸದ್ಯ, ಬದುಕಿದೆ ಅನಿಸುತ್ತದೆ ಅಲ್ವಾ? ಅಷ್ಟು ಹೊತ್ತೂ ಅದು ಬ್ರೌಸರಿನ ಒಳಗಿನ ಪುಟ್ಟ ಉಗ್ರಾಣದಲ್ಲಿ ಕೂತಿತ್ತು. ಆ ಉಗ್ರಾಣ ಹೇಗಿರಬೇಕು ಅಂತ ಎಲ್ಲ ಬ್ರೌಸರ್‌ಗಳನ್ನೂ ಒಪ್ಪಿಸಲು ವರ್ಷಗಳೇ ಹಿಡಿದವು.

ಮೊದಲು ಇದ್ದದ್ದು ಕುಕಿ, ಅಂದರೆ ತಾಣವೊಂದು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಚೀಟಿ. ಒಂದರಲ್ಲಿ ಹಿಡಿಸುವುದು ಸುಮಾರು 4 ಕಿಲೋಬೈಟ್, ಅಷ್ಟೇ. 2008ರಲ್ಲಿ ಸಫಾರಿ ಬ್ರೌಸರ್ ವೆಬ್ ಎಸ್‌ಕ್ಯೂಎಲ್ ಅನ್ನುವ, ಮಾಹಿತಿಯನ್ನು ಜೋಡಿಸಿಟ್ಟು ಕೇಳಿದಾಗ ಹುಡುಕಿ ಕೊಡುವ ಪೂರ್ತಿ ಡೇಟಾಬೇಸನ್ನೇ ತಂದಿತು. ಆಮೇಲೆ ಕ್ರೋಮ್, ಒಪೇರಾ ಕೂಡ ತಂದವು. ನನ್ನಂಥ ಪ್ರೋಗ್ರಾಂ ಬರೆಯುವವರಿಗೆ ಹಬ್ಬ! ಆದರೆ ಮೂರರ ಒಳಗೂ ಇದ್ದದ್ದು ಒಂದೇ ಸಾಫ್ಟ್‌ವೇರ್, ಎಸ್‌ಕ್ಯೂಲೈಟ್.

ಬಿಕ್ಕಟ್ಟು ಹುಟ್ಟಿದ್ದು ಅಲ್ಲೇ. ಎಲ್ಲ ಬ್ರೌಸರ್‌ಗಳೂ ಪಾಲಿಸಬೇಕಾದ ಮಾನದಂಡದ ಕರಡಿನಲ್ಲಿ, ಡೇಟಾಬೇಸನ್ನು ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆಯ ನಿಯಮಗಳು ಇರಬೇಕಾದ ಜಾಗದಲ್ಲಿ, ಎಸ್‌ಕ್ಯೂಲೈಟಿನ 3.6.19 ಆವೃತ್ತಿಗೆ ತಿಳಿಯುವ ಭಾಷೆಯನ್ನೇ ಅಳವಡಿಸಿ ಎಂಬ ಅರ್ಥದ ಮಾತಷ್ಟೇ ಇತ್ತು. ಸಾರು ಮಾಡುವ ವಿಧಾನ ಬರೆಯಿರಿ ಅಂದರೆ 'ನಮ್ಮಜ್ಜಿ ಮಾಡಿದ ಹಾಗೆ ಮಾಡಿ' ಅಂತ ಬರೆದ ಹಾಗೆ. ಅಜ್ಜಿಯ ಕೈಯಲ್ಲಿ ಉಪ್ಪು ಜಾಸ್ತಿಯಾದರೆ ಅದೂ ನಿಯಮವೇ! ಬೇರೆ ಬೇರೆಯವರು ಸ್ವತಂತ್ರವಾಗಿ ಕಟ್ಟಿ ತೋರಿಸಿದರೆ ಮಾತ್ರ ಅದು ಮಾನದಂಡ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಒಪ್ಪಲಿಲ್ಲ. 2010ರ ನವೆಂಬರ್ 18ರಂದು, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಆ ಕೆಲಸವನ್ನೇ ಕೈಬಿಟ್ಟಿತು.

ಅದು ಸರಿಯಾದ ತೀರ್ಮಾನ ಅಂತಲೇ ನನ್ನ ನಂಬಿಕೆ. ಎಸ್‌ಕ್ಯೂಲೈಟ್ ಎಷ್ಟೇ ಒಳ್ಳೆಯದಿರಲಿ, ಎಲ್ಲರ ವೆಬ್ ಒಂದೇ ಸಾಫ್ಟ್‌ವೇರಿಗೆ ಜೋತುಬೀಳಬಾರದು. ಆದರೆ ಅದರ ಬೆಲೆ ತೆತ್ತವರು ನಾವು. ಬದಲಿಗೆ ಬಂದ ಇಂಡೆಕ್ಸ್ಡ್‌ಡಿಬಿ ಅನ್ನುವ ಉಗ್ರಾಣ 2015ರ ಜನವರಿಯಲ್ಲಿ ಡಬ್ಲ್ಯೂ3ಸಿಯ ಅಧಿಕೃತ ಶಿಫಾರಸು, ಅಂದರೆ ಮಾನದಂಡ, ಆಯಿತು. ಎಸ್‌ಕ್ಯೂಎಲ್‌ನಲ್ಲಾದರೆ 'ಈ ಊರಿನವರ ಹೆಸರುಗಳನ್ನು ವಯಸ್ಸಿನ ಪ್ರಕಾರ ಕೊಡು' ಅಂತ ಒಂದು ಸಾಲಿನಲ್ಲಿ ಕೇಳಬಹುದು. ಇಲ್ಲಿ ಡೇಟಾಬೇಸ್ ತೆರೆದು ಕಾಯಬೇಕು. ವಹಿವಾಟು ಶುರುಮಾಡಬೇಕು. ಕಪಾಟು ಹುಡುಕಿ, ಅದರ ಸೂಚಿ ಹಿಡಿದು, ಒಂದೊಂದೇ ಚೀಟಿ ಎತ್ತಿ ನೋಡಬೇಕು. ಹಾಗಾಗಿ ಸುಮಾರು ಜನ ಇದನ್ನು ನೇರವಾಗಿ ಮುಟ್ಟದೆ, ಇದರ ಮೇಲೆ ಬೇರೆಯವರು ಕಟ್ಟಿಟ್ಟ ಸಿದ್ಧ ಕೋಡನ್ನು, ಅಂದರೆ ಲೈಬ್ರರಿಗಳನ್ನು, ಬಳಸುತ್ತಾರೆ.

ಇಡುವ ರೀತಿಗೆ ಒಪ್ಪಂದವಾದರೂ, ಎಷ್ಟು ದಿನ ಇಡಬೇಕು ಅನ್ನುವುದಕ್ಕೆ ಆಗಲಿಲ್ಲ. 2020ರಿಂದ ಸಫಾರಿಯಲ್ಲಿ ಹೊಸ ನಿಯಮ ಬಂತು. 7 ದಿನ ಬ್ರೌಸರ್ ಬಳಸಿಯೂ ನೀವು ಒಂದು ತಾಣದ ಕಡೆ ತಲೆಹಾಕದಿದ್ದರೆ, ಆ ತಾಣದ ಸ್ಕ್ರಿಪ್ಟ್, ಅಂದರೆ ಅದರ ಪುಟದೊಳಗೆ ಓಡುವ ಪ್ರೋಗ್ರಾಂ, ಇಟ್ಟದ್ದೆಲ್ಲ ಅಳಿಸಿಹೋಗುತ್ತದೆ. ನಮ್ಮ ಬೆನ್ನು ಹತ್ತುವ ಜಾಹೀರಾತಿನವರನ್ನು ತಡೆಯಲು ಮಾಡಿದ್ದು, ಒಳ್ಳೆಯದೇ. ಆದರೆ ಅರ್ಧ ತುಂಬಿಟ್ಟ ಅರ್ಜಿಯೂ ಅದರ ಜೊತೆಗೇ ಹೋಗುತ್ತದಲ್ಲ!

ಈಗ ಎಸ್‌ಕ್ಯೂಲೈಟ್ ಬೇರೆ ಬಾಗಿಲಿನಿಂದ ವಾಪಸ್ ಬಂದಿದೆ. ಬೇಕಾದ ತಾಣವೇ, ಬ್ರೌಸರಿನೊಳಗೆ ಓಡಬಲ್ಲ ವೆಬ್‌ಅಸೆಂಬ್ಲಿ ಎಂಬ ಕೋಡಿನ ರೂಪದಲ್ಲಿ ಅದನ್ನು ಹೊತ್ತು ತರುತ್ತದೆ. ಬ್ರೌಸರ್ ಫೈಲ್ ಇಡಲು ಜಾಗ ಕೊಡುತ್ತದೆ, ಅಷ್ಟೇ. ಆದರೂ ನಾನು ಬರೆಯುವ ಅರ್ಜಿಗಳಲ್ಲಿ, ನೆಟ್‌ವರ್ಕ್ ಸಿಕ್ಕ ಕೂಡಲೇ ತುಂಬಿದಷ್ಟನ್ನೂ ಸರ್ವರಿಗೆ ಕಳಿಸಿಬಿಡುತ್ತೇನೆ. ಎಂಟನೇ ದಿನಕ್ಕೆ ಕಾಯುವುದಿಲ್ಲ.

ನಮಸ್ಕಾರ.