ಎಂಜಿನ್ ಇಳಿಸುವುದೋ ಬೇಡವೋ: ಮಡಿಕೇರಿಯ ಮಳೆಯಲ್ಲಿ ಮಾರುತಿ 800

ನಮಸ್ಕಾರ. ತಗಡಿನ ಶೆಡ್ಡಿನ ಮೇಲೆ ಮಳೆ ಹೊಡೆಯುತ್ತಿತ್ತು, ಅಲ್ಲಿ ಮಾತನಾಡಿದ್ದು ಒಂದೂ ಕೇಳಿಸುವುದಿಲ್ಲ. ಅದಕ್ಕೇ ಮನೆಯೊಳಗೆ ಕುಳಿತು ಈ ವಿಡಿಯೊಗೆ ದನಿ ಸೇರಿಸುತ್ತಿದ್ದೇನೆ. ಕಾರು 2004ರ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ. ಆಯಿಲ್ ಕುಡಿಯುತ್ತಿದೆ, ನೀಲಿ ಹೊಗೆ ಬಿಡುತ್ತಿದೆ. ಎಂಜಿನ್ ಕೆಲಸಕ್ಕೆ ಇದುವರೆಗೆ ಕೈ ಹಾಕದ ನಾನು ಇದನ್ನು ಬಿಚ್ಚಿ ಕಟ್ಟಬಹುದೇ? ಇವತ್ತು ತೀರ್ಮಾನವಾಗಬೇಕು.

ಬೇಡ ಅನ್ನಿಸುತ್ತಿದೆ. ಈಗಲೇ ಹೇಳಿಬಿಡುತ್ತೇನೆ.

ಪ್ಲಗ್‌ಗಳನ್ನು ಬಿಚ್ಚುತ್ತಿರುವುದು ಕಾಣಿಸುತ್ತಿದೆ, ಅದನ್ನು ವಿವರಿಸುವುದಿಲ್ಲ. ಇಂಧನ ಪಂಪಿನ ಫ್ಯೂಸ್ ತೆಗೆದಿದ್ದೇನೆ, ಅದು ಮಾತ್ರ ಚಿತ್ರದಲ್ಲಿ ಬಂದಿಲ್ಲ. ಹೊಗೆಯ ವಿಷಯ ನೋಡಿ. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಏರುವಾಗ, ಎಂಜಿನ್ನಿನ ಮೇಲೆ ಭಾರ ಬಿದ್ದಾಗ ನೀಲಿ ಹೊಗೆ ಬಂದರೆ ರಿಂಗ್ ಮೇಲೆ, ಅಂದರೆ ಸಿಲಿಂಡರಿನೊಳಗೆ ಓಡಾಡುವ ಪಿಸ್ಟನ್ನಿನ ಸುತ್ತ ಇರುವ ಬಳೆಗಳ ಮೇಲೆ ಅನುಮಾನ. ಆಕ್ಸಿಲರೇಟರ್ ಬಿಟ್ಟು ಘಾಟಿ ಇಳಿದು, ಕೆಳಗೆ ಮತ್ತೆ ಒತ್ತಿದಾಗ ಬುಸ್ಸೆಂದು ಬಂದರೆ ವಾಲ್ವ್ ಸೀಲ್ ಮೇಲೆ, ಅಂದರೆ ವಾಲ್ವ್ ಪಕ್ಕದಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ಸೀಲ್ ಮೇಲೆ ಅನುಮಾನ. ನಮ್ಮದು ಏರುವಾಗ ಬರುತ್ತದೆ. ಆದರೆ ಅನುಮಾನವನ್ನು ನಂಬಿ ಯಾರೂ ಎಂಜಿನ್ ಇಳಿಸಬಾರದು.

ಈಗ ಗ್ಯಾರೇಜಿನವರು ಬರೆದುಕೊಟ್ಟ ಈ ಖರ್ಚಿನ ಚೀಟಿ. ಗ್ಯಾರೇಜಿನ ಹೆಸರಿರುವ ಭಾಗವನ್ನು ಮಡಚಿದ್ದೇನೆ. ಮೂರೇ ಸಾಲು: ‘ಫುಲ್ ಎಂಜಿನ್ ಕೆಲಸ. ಪಿಸ್ಟನ್ 0.50. ಒಟ್ಟು 42,000.’ ಇದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಮೊತ್ತ ಹೆಚ್ಚಾಯಿತೆಂದು ಅಲ್ಲ. ಆ 0.50, ಅಂದರೆ ಅರ್ಧ ಮಿ.ಮೀ. ದೊಡ್ಡ ಪಿಸ್ಟನ್, ಎಲ್ಲಿಂದ ಬಂತು? ಈ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 68.5 ಮಿ.ಮೀ. ಸವೆದರೆ ಬೋರ್ ಹೊಡೆಸಿ ಕಾಲು ಮಿ.ಮೀ. ದೊಡ್ಡ ಪಿಸ್ಟನ್ ಹಾಕಬಹುದು, ಇನ್ನೂ ಸವೆದಿದ್ದರೆ ಅರ್ಧ ಮಿ.ಮೀ. ಎಷ್ಟು ಸವೆದಿದೆ ಎಂಬುದು ಎಂಜಿನ್ನಿನ ಮೇಲ್ಭಾಗದ ಹೆಡ್ ತೆಗೆದು, ಒಳವ್ಯಾಸ ಅಳೆಯುವ ಬೋರ್ ಗೇಜ್ ಇಳಿಸಿ, ಮೇಲೆ, ನಡುವೆ, ಕೆಳಗೆ ಅಳತೆ ತೆಗೆದ ಮೇಲೆ ತಿಳಿಯುವ ಮಾತು. ಇವರು ಬಾನೆಟ್ ಎತ್ತಿದ್ದಷ್ಟೇ, ಒಂದು ಬೋಲ್ಟನ್ನೂ ಮುಟ್ಟಿಲ್ಲ! ಕಾಲು ಮಿ.ಮೀ. ಸಾಕಾಗುವ ಕಡೆ ಅರ್ಧ ಕೊರೆದರೆ ಸಿಲಿಂಡರ್‌ಗಳಿರುವ ಬ್ಲಾಕಿನ ಮುಂದಿನ ಅವಕಾಶವನ್ನು ಈಗಲೇ ಖರ್ಚು ಮಾಡಿದಂತೆ. ಕೊರೆದ ಕಬ್ಬಿಣವನ್ನು ಮರಳಿ ಅಂಟಿಸಲಾಗುವುದಿಲ್ಲ. ಬಿಡಿಭಾಗಕ್ಕೆ ಎಷ್ಟು, ಲೇತ್ ಅಂಗಡಿಯ ಕೊರೆತಕ್ಕೆ ಎಷ್ಟು, ಕೂಲಿ ಎಷ್ಟು ಎಂದು ಕೇಳಿದೆ. ‘ಎಲ್ಲ ಸೇರಿ’ ಎಂದರು. ಎಲ್ಲ ಸೇರಿ ಎಂದರೆ ಏನೇನು ಸೇರಿ? ನನ್ನ ದುಡ್ಡು, ನನ್ನ ಕಾರು, ಲೆಕ್ಕ ಕೇಳುವ ಹಕ್ಕು ನನಗಿದೆ. ಈ ಚೀಟಿ ನೋಡಿದ ಮೇಲೆ ನಾನೇ ಮಾಡುತ್ತೇನೆ ಎಂಬ ಹಟ ಬಂದಿದೆ.

ಚಿಕ್ಕಪ್ಪನ ಸಲಹೆ ಬೇರೆ. ‘ಬೆಂಗಳೂರಿನ ಗುಜರಿಯಲ್ಲಿ ಒಂದು ಎಂಜಿನ್ ತಂದು ಕೂರಿಸು, ಮುಗಿಯಿತು’ ಎನ್ನುತ್ತಾರೆ. ಚಿಕ್ಕಪ್ಪ, ಎಂಜಿನ್ ಬದಲಾದರೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗಬೇಕು, ಆರ್‌ಟಿಒ ಮೆಟ್ಟಿಲು ಹತ್ತಬೇಕು. ಅದೂ ಅಲ್ಲದೆ ಆ ಎಂಜಿನ್ನಿನ ಒಳಗೇನಿದೆ ಎಂದು ಕಂಡವರು ಯಾರು? ಅದು ಬೇಡವೇ ಬೇಡ.

ಹಾಂ, ಗೇಜ್. ಇದು ಸಿಲಿಂಡರಿನೊಳಗಿನ ಒತ್ತಡವನ್ನು ಪಿಎಸ್‌ಐ ಲೆಕ್ಕದಲ್ಲಿ ತೋರಿಸುವುದು, ಪ್ಲಗ್ ಬಿಚ್ಚಿದ್ದು ಇದಕ್ಕೇ. ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸುತ್ತಿರುವವಳು ತಂಗಿ. ಮೊದಲ ಸಿಲಿಂಡರ್ 145 ಪಿಎಸ್‌ಐ. ಎರಡನೆಯದು 140. ಮೂರನೆಯದರ ಮುಳ್ಳು ನೋಡಿ, 95ಕ್ಕೇ ನಿಂತಿತು. ಕೊಡಗಿನವರು ಗಮನಿಸಬೇಕಾದದ್ದು ಒಂದಿದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು ಶೇ. 12ರಷ್ಟು ಕಡಿಮೆ, ಹಾಗಾಗಿ ಗೇಜ್ ಕೂಡ ಹೆಚ್ಚುಕಡಿಮೆ ಅಷ್ಟೇ ಕಡಿಮೆ ತೋರಿಸುತ್ತದೆ. ಮಂಗಳೂರಿನಲ್ಲಿ ಬಂದ ಅಂಕಿಯನ್ನು ಇಲ್ಲಿ ಹುಡುಕಿ ಗಾಬರಿಯಾಗಬೇಡಿ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನು ನೋಡಿ. ಇಲ್ಲಿ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿದೆ.

ಮೂರನೆಯದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಪರೀಕ್ಷೆ. 130! ಆಯಿಲ್ ಹೋಗಿ ರಿಂಗಿನ ಸಂದು ಮುಚ್ಚಿದ್ದಕ್ಕೆ ಒತ್ತಡ ಏರಿತು. ವಾಲ್ವ್ ಸೋರುತ್ತಿದ್ದರೆ ಹೀಗೆ ಏರುತ್ತಿರಲಿಲ್ಲ. ಅಂದರೆ ಕಾಯಿಲೆ ಕೆಳಗಿದೆ, ರಿಂಗಿನಲ್ಲೋ ಬೋರಿನಲ್ಲೋ. ಹೆಡ್ ತೆಗೆದು ಸೀಲ್ ಹಾಕಿ ಮುಗಿಸುವ ದಾರಿ ಮುಚ್ಚಿತು. ಎಂಜಿನ್ ಇಳಿಯಲೇಬೇಕು.

ಮತ್ತೆ ಯೋಚನೆ ಹತ್ತಿದೆ. ಬಿಚ್ಚುವುದಕ್ಕೆ ಹೆದರಿಕೆಯಿಲ್ಲ. ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕ್ಯಾಪ್ ಆಯಾ ರಾಡಿಗೇ, ಅದೇ ದಿಕ್ಕಿಗೇ ಹೋಗಬೇಕು. ಗುರುತು ಹಾಕಿಕೊಂಡು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಅದು ಶ್ರದ್ಧೆಯ ಕೆಲಸ, ಶ್ರದ್ಧೆ ನನಗಿದೆ. ರಿಂಗಿನ ಬಾಯಿಗಳು ಒಂದರ ನೇರಕ್ಕೆ ಒಂದು ಬರಬಾರದು, ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಹಂತ ಹಂತವಾಗಿ ಬಿಗಿಯಬೇಕು. ಇದೆಲ್ಲ ಕಲಿಯಬಹುದಾದದ್ದು. ಲೆಕ್ಕದಷ್ಟೇ ಬಿಗಿಯುವ ಟಾರ್ಕ್ ವ್ರೆಂಚಿಗೆ 3,500 ರೂಪಾಯಿ ಕೇಳುತ್ತಿದ್ದಾರೆ, ಕೊಡುತ್ತೇನೆ, ಕೈ ಅಂದಾಜಿನಲ್ಲಿ ಬಿಗಿಯುವುದಿಲ್ಲ. ಸಿಲಿಂಡರ್ ಕೊರೆಯುವ ಬೋರಿಂಗ್, ಅದರ ಒಳಗೋಡೆ ಉಜ್ಜುವ ಹೋನಿಂಗ್, ಕ್ರ್ಯಾಂಕ್ ಅರೆಯುವ ಗ್ರೈಂಡಿಂಗ್ ಮಾತ್ರ ಶೆಡ್ಡಿನಲ್ಲಿ ಆಗುವಂಥದ್ದಲ್ಲ. ದೊಡ್ಡ ಮೇಸ್ತ್ರಿಗಳೂ ಅದನ್ನು ಲೇತ್‌ನವರಿಗೇ ಕೊಡುತ್ತಾರೆ. ಇದನ್ನು ಅರಿತ ಮೇಲೆ ನನ್ನ ಅರ್ಧ ಭಯ ಇಳಿಯಿತು.

ಉಳಿದದ್ದು ಈ ಹವೆ. ಬ್ಲಾಕ್ ಎರಕದ ಕಬ್ಬಿಣ. ಜುಲೈಯಲ್ಲಿ ಬೋರ್ ತೆರೆದಿಟ್ಟರೆ ಆಯಿಲ್ ಸವರದ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ತುಕ್ಕಿನ ಬಣ್ಣ ಕಾಣಿಸುತ್ತದೆ. ನಮ್ಮ ಮನೆಯಲ್ಲಿ ಚಪ್ಪಲಿಗೇ ಬೂಷ್ಟು ಹಿಡಿದಿದೆ. ಹಾಗೆಂದು ತೀರಾ ತಡ ಮಾಡುವಂತೆಯೂ ಇಲ್ಲ, ಅರೇಬಿಕಾ ಕಾಫಿ ಹಣ್ಣಾದರೆ ಕೊಯ್ಲು, ಆಮೇಲೆ ರೋಬಸ್ಟಾ, ಆಗ ಕಾರಿಲ್ಲದೆ ತೋಟದ ಕೆಲಸ ನಡೆಯುವುದಿಲ್ಲ.

ವಿಡಿಯೊ ಮುಗಿಯುತ್ತಿದೆ. ತೀರ್ಮಾನ ಹೇಳುತ್ತೇನೆ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದ ಮೇಲೆ ಎಂಜಿನ್ ಇಳಿಸುತ್ತೇನೆ. ಬಿಚ್ಚುವುದು, ತೊಳೆಯುವುದು, ಕಟ್ಟುವುದು ನಾನೇ. ಬ್ಲಾಕ್, ಹೆಡ್, ಕ್ರ್ಯಾಂಕ್ ಮೂರನ್ನೂ ಮೈಸೂರಿಗೆ ಒಯ್ಯುತ್ತೇನೆ. ಅಳತೆ ಬರುವವರೆಗೆ ಪಿಸ್ಟನ್ ಕೊಳ್ಳುವುದಿಲ್ಲ. ಬೋರ್ ಗೇಜನ್ನು ನಮ್ಮ ಕಣ್ಣೆದುರೇ ಹಿಡಿದು, ಅಳತೆಯನ್ನು ಬರೆದು ಕೊಡುವ ಲೇತ್‌ನವರು ಹುಣಸೂರು, ಮೈಸೂರು ಕಡೆ ಯಾರಾದರೂ ಗೊತ್ತಿದ್ದರೆ ಕೆಳಗೆ ತಿಳಿಸಿ. ದರ ನಾನೇ ಮಾತಾಡಿಕೊಳ್ಳುತ್ತೇನೆ.