ನೀರಲ್ಲಿ ನಿಂತ ಕಾಡು

ಕೇಳುಗರಿಗೆ ನಮಸ್ಕಾರ.

ಟೆಕ್ಸಾಸ್ ಅಂದ ಕೂಡಲೇ ಕಣ್ಣಿಗೆ ಬರುವುದು ಬಯಲು, ಬಿಸಿಲು, ದನ, ಅಲ್ವಾ? ನನಗೂ ಹಾಗೇ ಇತ್ತು. ಡಲ್ಲಾಸ್‌ನಿಂದ ಪೂರ್ವಕ್ಕೆ ಸುಮಾರು ಮೂರು ಗಂಟೆ ಕಾರು ಓಡಿಸಿದರೆ, ಲೂಸಿಯಾನ ಗಡಿಯಲ್ಲಿ ಕ್ಯಾಡೊ ಕೆರೆ ಸಿಗುತ್ತದೆ. ಅದರ ಪಕ್ಕದ ಸ್ಟೇಟ್ ಪಾರ್ಕ್‌ನಲ್ಲಿ ಎರಡು ರಾತ್ರಿ ಡೇರೆ ಹಾಕಿದ್ದೆವು.

ಕೆರೆ ಅಂದೆ, ಆದರೆ ಇದು ಜೌಗು. ನೀರೊಳಗೇ ಸೈಪ್ರೆಸ್ ಮರಗಳು ನಿಂತಿವೆ, ಬುಡ ದಪ್ಪ, ಸುತ್ತಲೂ ಮೊಣಕಾಲಿನ ಹಾಗೆ ಬೇರಿನ ಗಂಟುಗಳು, ಮೇಲಿನಿಂದ ಮುದುಕರ ಗಡ್ಡದಂತೆ ಜೋತಾಡುವ ಬೂದು ಎಳೆಗಳು. ಸ್ಪ್ಯಾನಿಷ್ ಮಾಸ್ ಅಂತ ಹೆಸರು, ಆದರೆ ಅದು ಪಾಚಿಯಲ್ಲ, ಅನಾನಸ್ ಕುಟುಂಬದ ಗಿಡ!

ಹಿಂದೆ ರೆಡ್ ನದಿಯಲ್ಲಿ ಮರದ ದಿಮ್ಮಿಗಳು ಸಿಕ್ಕಿಕೊಂಡು ಮೈಲುಗಟ್ಟಲೆ ಅಡ್ಡ ಕಟ್ಟಿದ್ದವು. ಆ ನೀರು ಹಿಮ್ಮೆಟ್ಟಿ ಈ ಕೆರೆ ಆಯಿತು. 1870ರ ದಶಕದಲ್ಲಿ ದಿಮ್ಮಿ ತೆಗೆದರು, ನೀರು ಇಳಿದುಹೋಯಿತು. ಆಮೇಲೆ 1914ರಲ್ಲಿ ಅಣೆಕಟ್ಟು ಕಟ್ಟಿ ಮತ್ತೆ ನಿಲ್ಲಿಸಿದರು. ಪಾರ್ಕ್‌ನ ಹಳೇ ಮರದ ಮನೆಗಳನ್ನು ಕಟ್ಟಿದ್ದು 1930ರ ದಶಕದ ನಿರುದ್ಯೋಗಿ ಹುಡುಗರು, ಸರ್ಕಾರದ ಯೋಜನೆಯಲ್ಲಿ.

ಬಾಡಿಗೆ ಕೆನೂ ತಗೊಂಡು ಹುಟ್ಟು ಹಾಕುತ್ತಾ ಹೊರಟೆವು. ಇಲ್ಲಿ ನೀರಿನ ದಾರಿಗಳಿಗೆ ನಂಬರ್ ಹಾಕಿದ ಗುರುತುಗಳಿವೆ. ಅದನ್ನು ನೋಡ್ತಾ ಹೋಗಬೇಕು. ನಾವು ಬೆಳ್ಳಕ್ಕಿ ಫೋಟೊ ಹೊಡೀತಾ ಹೋದೆವು. ಹತ್ತು ನಿಮಿಷ ಬಿಟ್ಟು ತಲೆ ಎತ್ತಿದರೆ ಎಲ್ಲ ಮರವೂ ಒಂದೇ ಥರ, ಬಂದ ದಾರಿ ಯಾವುದು, ಹೋಗೋ ದಾರಿ ಯಾವುದು, ದೇವರೇ ಗತಿ. ಮೇಲಾಗಿ ಅಲ್ಲಿ ಅಲಿಗೇಟರ್ ಜಾತಿಯ ಮೊಸಳೆ ಬೇರೆ ಇವೆ. ಪಕ್ಕದ ಊರಿನ ಹೆಸರೇ ಅನ್‌ಸರ್ಟನ್, ಅಂದರೆ ಖಾತ್ರಿಯಿಲ್ಲದ ಊರು! ಮುಕ್ಕಾಲು ಗಂಟೆ ಸುತ್ತಿದ ಮೇಲೆ ಒಂದು ನಂಬರ್ ಕಣ್ಣಿಗೆ ಬಿತ್ತು.

ಒಂದು ಕಡೆ ದೋಣಿಯೇ ಮುಂದಕ್ಕೆ ಹೋಗಲಿಲ್ಲ. ನೀರಿನ ಮೇಲೆ ಹಸಿರು ಕಂಬಳಿ ಹಾಸಿದಂತೆ ಸಾಲ್ವಿನಿಯಾ ಎಂಬ ಜರೀಗಿಡ. ಬ್ರೆಜಿಲ್ ಕಡೆಯ ಈ ಕಳೆ, ಹವೆ ಒಗ್ಗಿದರೆ ವಾರದೊಳಗೆ ದುಪ್ಪಟ್ಟಾಗುತ್ತದೆ. ಅದನ್ನು ತಿನ್ನಲೆಂದೇ ಎಳ್ಳಿಗಿಂತ ಚಿಕ್ಕ ಮೂತಿಹುಳುಗಳನ್ನು ಸಾಕಿ ಬಿಡುತ್ತಾರೆ. 1980ರ ದಶಕದಲ್ಲೇ ನಮ್ಮ ಬೆಂಗಳೂರಿನ ಒಂದು ತಾವರೆಕೊಳದಲ್ಲಿ ಇದೇ ಹುಳು ಬಿಟ್ಟು ಒಂದು ವರ್ಷದೊಳಗೆ ಕಳೆ ಓಡಿಸಿದ್ದರು. ಕ್ಯಾಡೊದಲ್ಲಿ ಅಷ್ಟು ಸುಲಭವಿಲ್ಲ, ಚಳಿಗಾಲ ಜಾಸ್ತಿಯಾದರೆ ಹುಳುವೇ ಸಾಯುತ್ತದೆ.

ರಾತ್ರಿ ಕಪ್ಪೆಗಳ ಗದ್ದಲ. ನಡುವೆ ಒಂದು ಗೂಬೆ. ಅದರ ಕೂಗು ಅಲ್ಲಿನವರ ಕಿವಿಗೆ "ನಿನಗೆ ಅಡುಗೆ ಮಾಡೋದು ಯಾರು?" ಅಂತ ಕೇಳುತ್ತದಂತೆ. ಅಡುಗೆ ನಾನೇ ಮಾಡಿದ್ದೆ. ಬೆಳಿಗ್ಗೆ ನೋಡಿದರೆ ಮೇಜಿನ ಮೇಲೆ ಮರೆತ ಚಪಾತಿ ಡಬ್ಬಿ ಖಾಲಿ, ಪಕ್ಕದಲ್ಲಿ ರಕೂನ್ ಎಂಬ ಕಾಡುಪ್ರಾಣಿಯ ಪುಟ್ಟ ಕೆಸರುಗೈ ಗುರುತು. ಮುಚ್ಚಳ ಮಾತ್ರ ನೀಟಾಗಿ ತೆಗೆದಿತ್ತು ಕಳ್ಳ.