ಹಿತ್ತಲಿಗೆ ಪೋರ್ಸಲೇನ್ ನೆಲಹಾಸು

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಬಡಾವಣೆಗಳಲ್ಲಿ ಮನೆ ಹಿಂದೆ ಒಂದಿಷ್ಟು ಜಾಗ ಉಳಿದರೆ ಸಾಕು, ಒಂದು ಕರಿಬೇವಿನ ಗಿಡ, ಒಂದು ಮಲ್ಲಿಗೆ ಬಳ್ಳಿ, ಪಕ್ಕದಲ್ಲಿ ನಾಲ್ಕು ಕುರ್ಚಿ ಹಾಕುವಷ್ಟು ಗಟ್ಟಿ ನೆಲ ಬೇಕು ಅನ್ನಿಸುತ್ತದೆ. ಮೊದಲೆಲ್ಲ ಕಡಪ ಕಲ್ಲೋ ಚಪ್ಪಡಿಯೋ ಹಾಕಿ ಮುಗಿಸುತ್ತಿದ್ದರು. ಈಗ ಅಂಗಡಿಯವರು ಪೋರ್ಸಲೇನ್ ತೋರಿಸುತ್ತಾರೆ.

ಒಳ್ಳೆಯ ಸರಕೇ, ಅನುಮಾನವಿಲ್ಲ. 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಂಕಿಯಲ್ಲಿ ಬೆಂದ ಮಣ್ಣು ಅದು. ನೂರಕ್ಕೆ ಅರ್ಧ ಪಾಲಿನಷ್ಟೂ ನೀರು ಹೀರುವುದಿಲ್ಲ. ಕಾರ್ತಿಕದ ದೀಪದ ಎಣ್ಣೆ ಚೆಲ್ಲಿದರೂ ಒರೆಸಿದರೆ ಹೋಯಿತು.

ಆದರೆ ಒಳಮನೆಗೆ ಹಾಕುವ ತೆಳು ಟೈಲ್ಸನ್ನೇ ಹೊರಗೂ ಹಾಕಬೇಡಿ. ಹೊರಗಿನದು 20 ಮಿಲಿಮೀಟರ್ ದಪ್ಪ ಇರಬೇಕು. ಎರಡಡಿ ಚೌಕದ ಒಂದೇ ಬಿಲ್ಲೆ ಹದಿನಾರು ಕಿಲೋ ತೂಗುತ್ತದೆ, ಎತ್ತಿ ನೋಡಿದರೆ ತಿಳಿಯುತ್ತದೆ. ಮೈ ಒರಟಾಗಿರಲಿ, ಪೆಟ್ಟಿಗೆಯ ಮೇಲೆ ಆರ್ 11 ಅಂತ ಇದೆಯಾ ನೋಡಿ. ಅದು ಜಾರದಿರುವ ಗುಣದ ಅಳತೆ. ಅಕ್ಟೋಬರ್ ಮಳೆಯಲ್ಲಿ ಅಜ್ಜಿ ತುಳಸಿಗೆ ನಮಸ್ಕಾರ ಮಾಡಲು ಬರುವ ಜಾಗ, ಅಲ್ವಾ? ಕಪ್ಪು ಬಣ್ಣ ಬೇಡ, ಏಪ್ರಿಲ್ ಬಿಸಿಲಿಗೆ ಬರಿಗಾಲು ಸುಡುತ್ತದೆ.

ಇನ್ನು ಹಾಕುವ ಕೆಲಸ. ಎಡವಟ್ಟು ಆಗುವುದು ಹೆಚ್ಚಾಗಿ ಇಲ್ಲೇ. ಹಣ ಕಡಿಮೆ ಬಿದ್ದರೆ ಅಗ್ಗದ ಡಿಸೈನ್ ಆರಿಸಿ, ಕೆಳಗಿನ ಕೆಲಸದಲ್ಲಿ ಮಾತ್ರ ಉಳಿಸಬೇಡಿ. ಗಟ್ಟಿ ನೆಲ ಸಿಗುವವರೆಗೆ ಅಗೆದು, ನಾಲ್ಕಂಗುಲ ಜಲ್ಲಿ ತುಂಬಿ, ಚೆನ್ನಾಗಿ ದಿಮ್ಮಸು ಹೊಡೆಸಬೇಕು. ಮಂಡ್ಯದ ಕಡೆ ಗದ್ದೆ ಇದ್ದ ಜಾಗ ಸೈಟ್ ಆಗಿದ್ದರೆ ಇನ್ನೂ ಆಳಕ್ಕೆ ಹೋಗಬೇಕಾದೀತು. ಆ ಜೇಡಿ ಮಣ್ಣು ನೆನೆದಾಗ ಒಂದು ಥರ, ಒಣಗಿದಾಗ ಇನ್ನೊಂದು ಥರ.

ವಾಟ ಮನೆಯಿಂದ ಆಚೆಗೆ ಇರಲಿ. ಎಂಟಡಿಗೆ ಒಂದಂಗುಲಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ನೀರು ನಿಲ್ಲುವುದಿಲ್ಲ. ನೆಲಹಾಸು ಮನೆಯ ಒಳನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿನಲ್ಲಿರಬೇಕು, ಇಲ್ಲದಿದ್ದರೆ ಗೋಡೆಗೆ ತೇವ ಹತ್ತುತ್ತದೆ.

ಈಗ ಮೇಸ್ತ್ರಿ ಪಕ್ಕದಲ್ಲಿ ನಿಂತು ನೋಡಬೇಕಾದ ಮಾತು. ಕೆಲವರು ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಅಂತ ಗಾರೆ ಮುದ್ದೆ ಇಟ್ಟು ಬಿಲ್ಲೆ ಕೂರಿಸಿಬಿಡುತ್ತಾರೆ. ಬೇಗ ಮಟ್ಟಕ್ಕೆ ಬರುತ್ತದೆ, ಆದರೆ ಅಡಿಯಲ್ಲಿ ಪೊಳ್ಳು. ಮಳೆನೀರು ಅಲ್ಲೇ ಸೇರಿಕೊಳ್ಳುತ್ತದೆ. ಭಾರದ ಹೂಕುಂಡ ಇಟ್ಟ ದಿನ ಬಿಲ್ಲೆ ಸೀಳಬಹುದು. ಗಾರೆ ಇಡೀ ಬಿಲ್ಲೆಯ ಅಡಿಗೆ ಒಂದೇ ಸಮನೆ ಇರಬೇಕು.

ಅದೂ ಸಾಲದು. ಕಡಪ ಕಲ್ಲು ಒಂದಿಷ್ಟು ನೀರು ಹೀರಿ ಗಾರೆಯನ್ನು ಹಿಡಿದುಕೊಳ್ಳುತ್ತದೆ. ಪೋರ್ಸಲೇನ್ ಹೀರುವುದೇ ಇಲ್ಲ, ಹಾಗಾಗಿ ಬರೀ ಗಾರೆ ಅದಕ್ಕೆ ಕಚ್ಚುವುದಿಲ್ಲ. ಬಿಲ್ಲೆಯ ಬೆನ್ನಿನ ಧೂಳು ಒರೆಸಿ, ಪಾಲಿಮರ್ ಬೆರೆತ ಸಿಮೆಂಟ್ ಅಂಟನ್ನು ಬ್ರಷ್‌ನಲ್ಲಿ ಮೂಲೆಮೂಲೆಗೂ ಬಳಿದು, ಅದು ಹಸಿಯಾಗಿರುವಾಗಲೇ ಹಸಿ ಗಾರೆಯ ಮೇಲೆ ಕೂರಿಸಿ, ರಬ್ಬರ್ ಸುತ್ತಿಗೆಯಲ್ಲಿ ಬಡಿಯಬೇಕು. "ಸಿಮೆಂಟ್ ಹಾಲು ಹಾಕಿದೀನಲ್ಲ ಸ್ವಾಮಿ" ಅಂತ ಮೇಸ್ತ್ರಿ ಅಂದರೆ ಒಪ್ಪಬೇಡಿ, ಅದು ನೀರಿಗೆ ಕಲಸಿದ ಬರೀ ಸಿಮೆಂಟ್. ಮೊದಲ ಬಿಲ್ಲೆಯನ್ನು ಕೂರಿಸಿದ ಕೂಡಲೇ ಒಮ್ಮೆ ಎಬ್ಬಿಸಿ ತೋರಿಸಲು ಹೇಳಿ. ಬೆನ್ನಿಗೆಲ್ಲ ಗಾರೆ ಮೆತ್ತಿದ್ದರೆ ಕೆಲಸ ಸರಿ. ನಡುವೆ ಬರಿ ಜಾಗ ಕಂಡರೆ ಅಲ್ಲೇ ತಿದ್ದಿಸಿ. ಮೇಸ್ತ್ರಿ ಮುಖ ಊದಿಸಿಕೊಂಡರೆ ಒಂದು ಕಾಫಿ ಕೊಡಿ.

ಬಿಲ್ಲೆಗಳ ನಡುವೆ 4–5 ಮಿಲಿಮೀಟರ್ ಸಂದು ಬಿಡಿ, ಒಂದಕ್ಕೊಂದು ಅಂಟಿಸಬೇಡಿ. ಗಾರೆ ಗಟ್ಟಿಯಾದ ಮೇಲೆ ಆ ಸಂದಿಗೆ ಹೊರಗಿನ ಕೆಲಸಕ್ಕೆ ಆಗುವ ಗ್ರೌಟ್ ತುಂಬಿಸಿ, ಬಿಲ್ಲೆಯ ಮೇಲೆ ಮೆತ್ತಿದ್ದನ್ನು ಒಣಗುವ ಮೊದಲೇ ಸ್ಪಂಜಿನಲ್ಲಿ ಒರೆಸಿಬಿಡಿ. ಕತ್ತರಿಸುವಾಗ ಡೈಮಂಡ್ ಬ್ಲೇಡಿಗೆ ನೀರು ಬಿಡುತ್ತಿರಬೇಕು. ಅಂಚೂ ಒಡೆಯುವುದಿಲ್ಲ, ಆ ಧೂಳು ಕೆಲಸಗಾರರ ಎದೆಗೂ ಹೋಗುವುದಿಲ್ಲ.

ಖರೀದಿಸುವಾಗ ನೂರಕ್ಕೆ ಹತ್ತು ಜಾಸ್ತಿ ತನ್ನಿ, ಎಲ್ಲ ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದೇ ಇರಲಿ. ಬ್ಯಾಚ್ ಬದಲಾದರೆ ಬಣ್ಣ ತುಸು ಬೇರೆಯಾಗುತ್ತದೆ, ಬಿಸಿಲಿಗೆ ಅದು ಎದ್ದು ಕಾಣುತ್ತದೆ. ಉಳಿದ ಬಿಲ್ಲೆಗಳನ್ನು ಯಾರಿಗೂ ಕೊಟ್ಟುಬಿಡಬೇಡಿ, ಮುಂದೆ ಒಂದು ಒಡೆದರೆ ಅದೇ ಬೇಕಾಗುತ್ತದೆ.

ನಮಸ್ಕಾರ.